ಶನಿವಾರದ ತೀರ್ಪು

ಶಾರದಾ ಮೇಡಂ ಶನಿವಾರದವರೆಗೆ ಬಾಯಿ ಬಿಡುತ್ತಿರಲಿಲ್ಲ. ರೈಲ್ವೆ ನೌಕರನಾದ ಗಂಡನ ಹಿಂದೆ ಹುಬ್ಬಳ್ಳಿಯಿಂದ ವಡೋದರಾಕ್ಕೆ ಬಂದು, ಹೆಣ್ಣುಮಕ್ಕಳ ತರಬೇತಿ ಕೇಂದ್ರದಲ್ಲಿ ಹೊಲಿಗೆ ಕಲಿಸತೊಡಗಿದಂದಿನಿಂದ ಪಾಲಿಸಿಕೊಂಡು ಬಂದ ನೇಮ ಅದು. ವಾರವಿಡೀ ಹುಡುಗಿಯರು ಹೊಲಿಯಬೇಕು. ಶನಿವಾರ ಮೇಡಂ ಕನ್ನಡಕ ಏರಿಸಿ ತೀರ್ಪು ಕೊಡಬೇಕು. ಕೆಟ್ಟ ಮೇಲೆ ಹೇಳಿದರೇ ತಲೆಗೆ ಹತ್ತುವುದು ಎಂಬುದು ಅವರ ಸಿದ್ಧಾಂತ. ಗಂಡ ಅಂಗಿಯ ಗುಂಡಿ ಮೇಲೆಕೆಳಗೆ ಹಾಕಿಕೊಂಡು ಡ್ಯೂಟಿಗೆ ಹೊರಟರೆ, ಸಂಜೆ ಮರಳಿದ ಮೇಲೆಯೇ ತಿಳಿಸುತ್ತಿದ್ದರು.

ಕ್ಲಾಸಿನ ಗೋಡೆಗೆ ಒಂದು ರವಿಕೆ ನೇತಾಡುತ್ತಿತ್ತು. ಅದಕ್ಕೆ ಎರಡೂ ಎಡಗೈಯ ತೋಳುಗಳೇ. ಹಿಂದಿನ ವರ್ಷ ಶ್ವೇತಾ ಹೊಲಿದದ್ದು. ಶನಿವಾರ ಇಡೀ ಕ್ಲಾಸು ನಕ್ಕಿತ್ತು. ಸೋಮವಾರದಿಂದ ಶ್ವೇತಾ ಬರಲಿಲ್ಲ. ಮೇಡಂ ಆ ರವಿಕೆಗೆ ಪಾಠೋಪಕರಣವೆಂದು ಹೆಸರಿಟ್ಟಿದ್ದರು.

ತೊಂಬತ್ತೈದರ ಬೇಸಿಗೆಯಲ್ಲಿ ಶ್ವೇತಾಳ ಬೀದಿಯವಳೇ ಆದ ರಚನಾಳಿಗೆ ರವಿಕೆ ಹೊಲಿಯುವ ಸರದಿ ಬಂತು. ಇಲ್ಲೇ ಬೆಳೆದ, ಹಿಂದಿ ಬೆರೆಸಿ ಮಾತಾಡುವ ಕನ್ನಡದ ಹುಡುಗಿ. ಕೇಂದ್ರ ಕೊಡುವುದು ಒಂದೇ ತುಂಡು ಬಟ್ಟೆ. ಅದು ಕೆಟ್ಟರೆ ಪರೀಕ್ಷೆಗೆ ಕೂರಿಸುವುದಿಲ್ಲ. ಪರೀಕ್ಷೆಯಿಲ್ಲದಿದ್ದರೆ ಸೂರತ್ತಿನ ಉಡುಪಿನ ಕಾರ್ಖಾನೆಯಲ್ಲಿ ಮಾತಾಗಿದ್ದ ಕೆಲಸವೂ ಇಲ್ಲ. ರಚನಾ ಹೂವಿನ ಬಟ್ಟೆ ಹರಡಿ, ಕಾಗದದ ತೋಳಿಟ್ಟು, ಸೀಮೆಸುಣ್ಣದಿಂದ ಸುತ್ತ ಗೆರೆ ಎಳೆದಳು. ಕಾಗದವನ್ನು ಪಕ್ಕಕ್ಕೆ ಸರಿಸಿ, ಮಗುಚದೆ, ಇನ್ನೊಂದನ್ನೂ ಎಳೆದಳು.

ಮತ್ತೆ ಎರಡೂ ಎಡಗೈ. ಮೇಡಂ ಕಣ್ಣಿಗೆ ಬಿತ್ತು. ಅಂದು ಮಂಗಳವಾರ.

ರಚನಾ ಕತ್ತರಿಗೆ ಬೆರಳು ತೂರಿಸಿದಳು. ಮೇಡಂ ಕನ್ನಡಕ ಒರೆಸಿದರು, ಕಿಟಕಿಯತ್ತ ನೋಡಿದರು, ಗೋಡೆಯತ್ತ ನೋಡಿದರು. ನೇಮ ಮುರಿದರೆ ಹುಡುಗಿಯರೆದುರು ತಮ್ಮ ತೂಕವೇನುಳಿಯಿತು? ಕತ್ತರಿಯ ಬಾಯಿ ಬಟ್ಟೆಯ ಅಂಚಿಗೆ ತಾಗಿತು.

“ತಡಿಯವಾ.”

ಹೊಲಿಗೆಯಂತ್ರಗಳೆಲ್ಲ ನಿಂತವು. ಒಬ್ಬಳು ಕ್ಯಾಲೆಂಡರ್ ನೋಡಿದಳು.

ತಪ್ಪೇನೆಂಬುದು ಮೇಡಂ ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡರು. “ಇದು ಯಾವ ಕೈದು, ಅದು ಯಾವ ಕೈದು? ಕಾಗದ ಭುಜಕ್ಕ ಹಚ್ಚಿ ನೀನs ನೋಡು.”

ರಚನಾ ಎಡಭುಜಕ್ಕೆ ಹಚ್ಚಿದಳು, ಕೂತಿತು. ಹಾಗೆಯೇ ಬಲಕ್ಕೆ ಒಯ್ದಳು. ಎದೆಯ ಕಡೆ ಬರಬೇಕಾದ ಆಳದ ಬಾಗು ಬೆನ್ನಿಗೆ ಹೋಯಿತು. ಕಾಗದವನ್ನು ಮೆಲ್ಲಗೆ ಮಗುಚಿದಳು. ಎರಡನೆಯ ಗೆರೆಯನ್ನು ಅಂಗೈಯಿಂದ ಕೊಡವಿ ಹೊಸದಾಗಿ ಎಳೆದಳು. ಕತ್ತರಿಸಿದ ತೋಳುಗಳು ಮೇಜಿನ ಮೇಲೆ ಒಂದಕ್ಕೊಂದು ಎದುರಾಗಿ ಮಲಗಿದವು.

ಆಮೇಲೆ ಅವಳು ಗೋಡೆಯತ್ತ ನೋಡಿದಳು. “ಮೇಡಂ, ಶ್ವೇತಾಗೆ ಭೀ ಹಿಂಗೆ ಕೇಳಿದ್ರಾ, ಕಟಿಂಗ್ ಮುಂಚೆ?”

ಮೇಡಂ ಸ್ಟೂಲು ಹತ್ತಿ ಪಾಠೋಪಕರಣವನ್ನು ಇಳಿಸಿದರು, ಧೂಳು ಕೊಡವಿ ಮಡಚಿ ಚೀಲಕ್ಕೆ ಹಾಕಿಕೊಂಡರು. ನಂತರ ಬಸ್ಸಿನ ನಂಬರು ವಿಚಾರಿಸುವವರಂತೆ ಕೇಳಿದರು:

“ಆಕೀ ಮನಿ ನಿಮ್ಮ ಓಣ್ಯಾಗ ಎಲ್ಲಿ ಬರ್ತೈತಿ?”