ಹೂಂಗುಟ್ಟದೆ ಕೇಳುವ ತರಬೇತಿ

ಬಣಕಲ್ ಹತ್ತಿರದ ನಮ್ಮ ಶಾಲೆಯಲ್ಲಿ ನಾನು ಕನ್ನಡ ಟೀಚರು. ಇಂಗ್ಲಿಷ್ ಪರೀಕ್ಷೆ ನಡೆಸಲು ನನ್ನನ್ನು ಆರಿಸಿದ್ದಕ್ಕೆ ಅದೇ ಕಾರಣ. ಮಕ್ಕಳಿಗೆ ಎಷ್ಟು ಇಂಗ್ಲಿಷ್ ಬರುತ್ತದೆ ಎಂದು ಅಳೆಯುವ ಆ ಪರೀಕ್ಷೆಯನ್ನು ಇಂಗ್ಲಿಷ್ ಕಲಿಸುವವರು ನಡೆಸುವಂತಿಲ್ಲ; ಅವರು ಕಣ್ಣಲ್ಲೇ ಉತ್ತರ ಹೇಳಿಕೊಟ್ಟಾರು ಎಂಬ ಅನುಮಾನವಂತೆ. ಹೀಗಾಗಿ ಹೆಡ್‌ಮಾಸ್ಟರು ಉಳಿದವರಲ್ಲಿ ಹುಡುಕಿ, ನನ್ನನ್ನೂ ಪಿ.ಟಿ. ಮೇಷ್ಟ್ರನ್ನೂ ಆಫೀಸಿಗೆ ಕರೆದರು.

"ಇಬ್ರಿಗೂ ಸರ್ಟಿಫಿಕೇಟ್ ಸಿಕ್ಕಿದ್ರೆ ಪರೀಕ್ಷೆ ನಮ್ಮ ಶಾಲೇಲೇ. ಒಬ್ರು ಫೇಲಾದ್ರೂ ಮಕ್ಕಳನ್ನ ಮತ್ತೆ ಚಿಕ್ಕಮಗಳೂರಿಗೆ ಕರ್ಕೊಂಡು ಹೋಗ್ಬೇಕು, ನೋಡಿ."

'ಮತ್ತೆ' ಎಂದ ಕೂಡಲೇ ನನಗೆ ಆ ದಾರಿಯ ತಿರುವುಗಳು ನೆನಪಾದವು. ಹಿಂದಿನ ವರ್ಷ ಕರೆದುಕೊಂಡು ಹೋದವಳು ನಾನೇ. ಎರಡು ಡಜನ್ ನಿಂಬೆಹಣ್ಣು, ಒಂದು ಕಟ್ಟು ಪ್ಲಾಸ್ಟಿಕ್ ಕವರು, ಒಂದು ಬಕೆಟ್ಟು ಇಟ್ಟುಕೊಂಡಿದ್ದೆ. ಆಲ್ದೂರು ಬರುವುದರೊಳಗೆ ಕವರುಗಳು ಮುಗಿದು, ಬಕೆಟ್ಟು ಸೀಟಿನಿಂದ ಸೀಟಿಗೆ ಓಡಾಡಿತು. ಪರೀಕ್ಷೆಯವರು "ಹೌ ಆರ್ ಯು?" ಎಂದು ಕೇಳಿದ ಮೊದಲ ಪ್ರಶ್ನೆಗೇ ಒಬ್ಬಳು ಬಾಯಿಗೆ ಕೈ ಅಡ್ಡ ಹಿಡಿದು ಹೊರಗೆ ಓಡಿದ್ದಳು. ಮಾತಾಡಬಲ್ಲ ಮಕ್ಕಳೂ ಅವತ್ತು ಬಾಡಿದ ಸೊಪ್ಪಿನ ಹಾಗೆ ಕೂತು, ಕಡಿಮೆ ಅಂಕ ತಗೊಂಡು, ಮತ್ತೆ ಅದೇ ತಿರುವುಗಳಲ್ಲಿ ವಾಪಸು ಬಂದವು.

ನಮಗೆ ತರಬೇತಿ ಆದದ್ದೂ ಚಿಕ್ಕಮಗಳೂರಿನಲ್ಲೇ. ಹೇಳಿಕೊಟ್ಟವಳು ನನ್ನ ಮಗಳ ವಯಸ್ಸಿನ ಹುಡುಗಿ, ಮೆಲುಮಾತಿನವಳು. ನಿಯಮಗಳನ್ನೆಲ್ಲ ನಾನು ಹಳೆಯ ಪಾಠ ಯೋಜನೆಯ ಪುಸ್ತಕದ ಹಿಂದೆ ಬರೆದುಕೊಂಡೆ. ಹಾಳೆಯಲ್ಲಿ ಅಚ್ಚಾದದ್ದನ್ನು ಮಾತ್ರ ಓದಬೇಕು. 'ಗುಡ್' ಅನ್ನಬಾರದು. ತಲೆ ಆಡಿಸಬಾರದು. ಮಗು ಸುಮ್ಮನಾದರೆ ಮನಸ್ಸಿನಲ್ಲೇ ಹತ್ತು ಎಣಿಸಿ, "ಇನ್ನೂ ಸ್ವಲ್ಪ ಹೇಳುತ್ತೀಯಾ" ಎಂಬ ಅಚ್ಚಾದ ಪ್ರಶ್ನೆಯನ್ನು ಒಂದೇ ಒಂದು ಸಲ ಕೇಳಬಹುದು. ತಿಂಡಿ ಆಯಿತಾ ಎಂದೂ ಕೇಳಬಾರದಂತೆ. ಇದನ್ನು ಮಾತ್ರ ನಾನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ.

ಮಧ್ಯಾಹ್ನ ಅಲ್ಲಿಯ ಮಕ್ಕಳನ್ನೇ ಎದುರಿಗೆ ಕೂರಿಸಿ ನಮ್ಮಲ್ಲಿ ಒಬ್ಬೊಬ್ಬರಿಂದಲೂ ಪರೀಕ್ಷೆ ಮಾಡಿಸಿದರು. ಫೋನಿನಲ್ಲಿ ರೆಕಾರ್ಡ್ ಆಯಿತು. ಪಿ.ಟಿ. ಮೇಷ್ಟ್ರು ಕಲ್ಲಿನ ಹಾಗೆ ಕೂತು ಒಂದೇ ಏಟಿಗೆ ಪಾಸಾದರು. ಆಮೇಲೆ ನನ್ನದನ್ನು ಹಾಕಿ ಕೇಳಿಸಿದರು. ಮಗು ತನ್ನ ನಾಯಿಮರಿಯ ಬಗ್ಗೆ ಹೇಳುತ್ತಿದೆ. ಒಂದೊಂದು ವಾಕ್ಯದ ಕೊನೆಗೂ ಯಾರೋ 'ಹೂಂ' ಅನ್ನುತ್ತಿದ್ದಾರೆ.

"ಯಾರದು?" ಎಂದೆ.

"ನೀವೇ ಮೇಡಂ."

"ಅದು ಉಸಿರಿರ್ಬೇಕು."

"ಅಷ್ಟು ದೊಡ್ಡ ಉಸಿರು ನಮ್ಮ ಕೊಟ್ಟಿಗೇಲಿ ಬಿಡ್ತಾವೆ," ಎಂದರು ಪಿ.ಟಿ. ಮೇಷ್ಟ್ರು.

ಹುಡುಗಿ ನಗಲಿಲ್ಲ. "ಮೇಡಂ, ಮಗು ಸರಿ ಹೇಳಿದ್ರೆ ನಿಮ್ಮ ಹೂಂ ಉದ್ದ ಬರತ್ತೆ. ತಪ್ಪಾದ್ರೆ ಮೋಟಾಗತ್ತೆ. ಮಗು ಅದನ್ನ ಕೇಳಿಸ್ಕೊಂಡು ತಪ್ಪು ತಿದ್ಕೋತಾ ಇದೆ, ನೋಡಿ." ನಿಜವೇ. ಮಗು ನಾಯಿಗೆ ಮೂರು ಕಾಲು ಎಂದಿತ್ತು. ನನ್ನ ಹೂಂ ಗಂಟಲಲ್ಲೇ ನಿಂತಿತ್ತು. ಮಗು ತಕ್ಷಣ ನಾಲ್ಕು ಮಾಡಿತ್ತು.

ಮುಂದಿನ ಶನಿವಾರದೊಳಗೆ ಹೂಂ ಇಲ್ಲದ ಹೊಸ ರೆಕಾರ್ಡು ಕಳಿಸಿದರೆ ಸರ್ಟಿಫಿಕೇಟ್, ಇಲ್ಲದಿದ್ದರೆ ಇಲ್ಲ ಎಂದಳು. ವಾಪಸು ಬರುವ ದಾರಿಯಲ್ಲಿ ಪ್ರತಿ ತಿರುವಿಗೂ ನನಗೆ ಬಕೆಟ್ಟು ಕಾಣುತ್ತಿತ್ತು.

"ನಿಮಗೆ ಹೇಗೆ ಬಂತು ಸಾರ್ ಇದು?" ಎಂದು ಪಿ.ಟಿ. ಮೇಷ್ಟ್ರನ್ನು ಕೇಳಿದೆ.

"ಗ್ರೌಂಡಲ್ಲಿ ಮಕ್ಕಳು ಎಂತ ಹೇಳಿದ್ರೂ ನಾನು ವಿಸಿಲ್ ಊದೋದು ಮೇಡಂ. ಹೂಂ ಅಭ್ಯಾಸವೇ ಆಗಿಲ್ಲ. ನೀವು ಬಾಯಲ್ಲಿ ನೀರು ತುಂಬ್ಕೊಂಡು ನೋಡಿ."

ಭಾನುವಾರ ಬೆಳಿಗ್ಗೆ ಯಜಮಾನರು ಕಣದಲ್ಲಿ ಪಾರ್ಚ್‌ಮೆಂಟ್ ಕಾಫಿಬೀಜ ಹರವುತ್ತಿದ್ದರು. ನಾನು ಬಾಯಿತುಂಬ ನೀರು ತುಂಬಿಕೊಂಡು ಎದುರಿಗೆ ನಿಂತೆ. ಅವರು ತೋಟದ ಪೈಪು ಎಲ್ಲಿ ಒಡೆದಿದೆ ಎಂದು ಹೇಳತೊಡಗಿದರು. ಆಗ ಗೊತ್ತಾಯಿತು, ಹೂಂ ಅನ್ನಲು ಬಾಯಿಯೇ ಬೇಡ. ಅದು ಮೂಗಿನ ವ್ಯವಹಾರ. ನೀರೂ ಅದೇ ದಾರಿ ಹಿಡಿಯಿತು. ಅರ್ಧ ಬುಟ್ಟಿಯಷ್ಟು ಪಾರ್ಚ್‌ಮೆಂಟ್ ಮತ್ತೆ ಒದ್ದೆ.

"ಮೂರು ದಿನ ಒಣಗಿದ್ದನ್ನ ನೆನೆಸ್ತೀಯಲ್ಲ ಮಾರಾಯ್ತಿ! ಇಂಗ್ಲಿಷ್ ಕಲಿಯೋರು ಮಕ್ಕಳಾ, ನೀನಾ?"

ಸಂಜೆ ಕಾಫಿ ಹೊತ್ತಿಗೆ ಅತ್ತೆ ಮಂಡಿನೋವಿನ ಕಥೆ ತೆಗೆದರು. ತುಟಿ ಬಿಗಿಹಿಡಿದು, ತಲೆ ಆಡಿಸದೆ ಕೇಳಿದೆ. ಮೂರು ವಾಕ್ಯಕ್ಕೆ ಅತ್ತೆ ಕಥೆ ನಿಲ್ಲಿಸಿ, ಲೋಟ ಕೆಳಗಿಟ್ಟು, ಒಳಗೆ ಹೋದರು. ದೀಪ ಹಚ್ಚುವ ಮೊದಲೇ ಕಳಸದಿಂದ ನಾದಿನಿಯ ಫೋನು.

"ಅತ್ತಿಗೆ, ಅಮ್ಮ ಎಂತಾದ್ರೂ ಅಂದ್ರಾ ನಿಮ್ಗೆ? ನೀವು ಮಾತು ಬಿಟ್ಟಿದ್ದೀರಂತೆ?"

ಎಲ್ಲ ವಿವರಿಸಿ, ಒಳಗೆ ಹೋಗಿ ಅತ್ತೆಗೂ ವಿವರಿಸಿದೆ. "ಹೂಂ ಅನ್ನದೆ ಇರೋಕೂ ಒಂದು ಟ್ರೈನಿಂಗಾ?" ಎಂದರು ಅವರು. "ನಾವು ಮಕ್ಕಳಿಗೆ ಮಾತಿಗೆ ಮುಂಚೆ ಹೂಂ ಕಲಿಸ್ತಿದ್ವಿ. ಹೂಂ ಇಲ್ದೆ ಯಾರಿಗೆ ಕಥೆ ಹೇಳೋಕೆ ಬರುತ್ತೆ?" ಅದು ಸಿಟ್ಟಿನ ಮಾತೇ ಆದರೂ ನಿಜವಿತ್ತು. ಆದರೆ ಬಕೆಟ್ಟೂ ನಿಜವಿತ್ತಲ್ಲ.

ಮಂಗಳವಾರದ ಹೊತ್ತಿಗೆ ಒಂದು ಉಪಾಯ ಸಿಕ್ಕಿತು. ಹೂಂ ಬರುತ್ತದೆ ಅನ್ನಿಸಿದಾಗಲೆಲ್ಲ ಬಲಗಾಲಿನ ಹೆಬ್ಬೆರಳನ್ನು ನೆಲಕ್ಕೆ ಒತ್ತುವುದು. ಹೂಂ ಹೇಗೋ ಮೂಗಿನಿಂದ ಇಳಿದು ಕಾಲಿಗೆ ಹೋಗುತ್ತಿತ್ತು. ಬುಧವಾರ, ಗುರುವಾರ ಸ್ಟಾಫ್‌ರೂಮಿನಲ್ಲಿ ಎಲ್ಲರ ಮನೆಕಥೆಯನ್ನೂ ಹೀಗೆ ಒತ್ತಿ ಒತ್ತಿ ಕೇಳಿದೆ. ಇಬ್ಬರು ಬೇಜಾರು ಮಾಡಿಕೊಂಡರು. ಹೆಬ್ಬೆರಳು ಊದಿತು.

ಶುಕ್ರವಾರ ರೆಕಾರ್ಡು ಮಾಡಲೇಬೇಕಿತ್ತು. ಎದುರಿಗೆ ಕೂರುವವರು ನಮ್ಮ ವಿದ್ಯಾರ್ಥಿ ಆಗಿರಬಾರದು, ದೊಡ್ಡವರಾದರೂ ನಡೆಯುತ್ತದೆ ಎಂದಿದ್ದರು. ನಮ್ಮ ಶಾಲಾ ಬಸ್ಸಿನ ಡ್ರೈವರು ಹಿಂದೆ ಟೂರಿಸ್ಟ್ ಬಸ್ಸು ಓಡಿಸಿದವರು. ಇಂಗ್ಲಿಷ್‌ನಲ್ಲಿ ನಾಲ್ಕು ಮಾತಾಡುವ ಧೈರ್ಯವಿತ್ತು. ಕ್ಲಾಸ್‌ರೂಮಿನ ಬಾಗಿಲು ಹಾಕಿ, ಅವರನ್ನು ಕೂರಿಸಿ, ಮರೆಯಲಾಗದ ಒಂದು ಪ್ರಯಾಣದ ಬಗ್ಗೆ ಹೇಳಿ ಎಂಬ ಅಚ್ಚಾದ ಪ್ರಶ್ನೆ ಓದಿದೆ.

ಅವರು ಖುಷಿಯಾಗಿ ಶುರುಮಾಡಿದರು. ಮದುವೆ ದಿಬ್ಬಣದ ಬಸ್ಸು. ಘಾಟಿ ಇಳಿದು ಧರ್ಮಸ್ಥಳದ ಕಡೆ ಹೋಗಬೇಕು. ಕೊಟ್ಟಿಗೆಹಾರದಲ್ಲಿ ನಿಲ್ಲಿಸಿ ಎಲ್ಲರೂ ನೀರ್‌ದೋಸೆ ತಿಂದರು. "ಆಲ್ ಈಟ್. ಆಲ್ ಕಮ್. ಐ ಸ್ಟಾರ್ಟ್ ಬಸ್." ಘಾಟಿ ಅರ್ಧ ಇಳಿದ ಮೇಲೆ ಒಬ್ಬ ಅಜ್ಜ ಎದ್ದು ನಿಂತು ಕೇಳಿದರಂತೆ, "ವೇರ್ ಈಸ್ ಮದುಮಗ?"

ಇಲ್ಲಿ ನಿಲ್ಲಿಸಿ ನನ್ನ ಮುಖ ನೋಡಿದರು. ಈ ಜಾಗದಲ್ಲಿ ಕಲ್ಲು ಕೂಡ ಹೂಂ ಅನ್ನಬೇಕು. ಮದುಮಗ ಎಲ್ಲಿ ಎಂದು ತಿಳಿಯಲು ನನಗೂ ಜೀವ ಹೋಗುತ್ತಿತ್ತು. ಹೆಬ್ಬೆರಳು ಒತ್ತಿದೆ. ಹತ್ತು ಎಣಿಸಿದೆ. ಇದ್ದ ಒಂದೇ ಪ್ರಶ್ನೆಯನ್ನು ಓದಿದೆ. ಅವರು ಬೆವರು ಒರೆಸಿಕೊಂಡು, "ಮೇಡಂ ಆಂಗ್ರಿ?" ಎಂದರು. ಮತ್ತೆ ಒತ್ತಿದೆ.

ಕೊನೆಗೆ ಅವರೇ ದಾರಿ ಮಾಡಿಕೊಂಡರು. ಕಿಟಕಿಯ ಕಡೆ ತಿರುಗಿ, ಗೇರ್ ಬದಲಾಯಿಸಿದ ಹಾಗೆ ಕೈ ಆಡಿಸಿ, "ಬಸ್ ಟರ್ನ್. ಹೂಂ. ಗೋ ಬ್ಯಾಕ್ ಕೊಟ್ಟಿಗೆಹಾರ. ಹೂಂ. ಮದುಮಗ ಸಿಟ್ಟಿಂಗ್. ಹೂಂ. ಒನ್ ಮೋರ್ ದೋಸೆ ಈಟಿಂಗ್," ಎಂದು ತಾವೇ ಹೇಳಿ, ತಾವೇ ಹೂಂಗುಟ್ಟಿ ಕಥೆ ಮುಗಿಸಿದರು. ನಾನು "ಥ್ಯಾಂಕ್ ಯು" ಓದಿ ಫೋನು ಆರಿಸಿದವಳೇ ಡೆಸ್ಕಿನ ಮೇಲೆ ತಲೆಯಿಟ್ಟು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆ.

"ಅಬ್ಬ, ನಕ್ಕಿದ್ರಲ್ಲ," ಎಂದರು ಅವರು. "ಇನ್ಮೇಲೆ ನನ್ ಬಸ್ಸಿಗೆ ಹತ್ತಲ್ವೇನೋ ಅಂದ್ಕೊಂಡೆ."

ಶನಿವಾರ ಮಧ್ಯಾಹ್ನ ತರಬೇತಿಯ ಹುಡುಗಿ ಫೋನು ಮಾಡಿದಳು. "ಮೇಡಂ, ರೆಕಾರ್ಡಲ್ಲಿ ಹೂಂ ಇದೆ." ನನಗೆ ಮತ್ತೆ ಬಕೆಟ್ಟು ಕಂಡಿತು. "ಆದ್ರೆ ಗಂಡು ದನಿ. ಮೂರು ಸಲ ಕೇಳಿದ್ವಿ. ಉತ್ತರ ಕೊಡೋರು ಎಷ್ಟು ಬೇಕಾದ್ರೂ ಹೂಂ ಅನ್ಬಹುದು, ಅದಕ್ಕೆ ನಿಯಮ ಇಲ್ಲ. ನೀವು ಪಾಸು." ಹೆಡ್‌ಮಾಸ್ಟರಿಗೆ ಹೇಳಿದರೆ ಅವರು ಮೊದಲು ಮಾಡಿದ ಕೆಲಸ, ಚಿಕ್ಕಮಗಳೂರಿಗೆ ಬಸ್ಸು ಬೇಡವೆಂದು ನಮ್ಮ ಡ್ರೈವರಿಗೆ ತಿಳಿಸಿದ್ದು.

ಪರೀಕ್ಷೆಯ ದಿನ ಮಕ್ಕಳು ಇಡ್ಲಿ ತಿಂದು, ಕಳೆಕಳೆಯಾದ ಮುಖದಲ್ಲಿ ಬಂದವು. ಪಿ.ಟಿ. ಮೇಷ್ಟ್ರ ಕೋಣೆಗೆ ಅರ್ಧ, ನನ್ನ ಕೋಣೆಗೆ ಅರ್ಧ. ಹಾಳೆಯಲ್ಲಿದ್ದದ್ದನ್ನಷ್ಟೇ ಓದುತ್ತಾ, ಎಲ್ಲರ ಅಜ್ಜಿಮನೆ, ಬೆಕ್ಕು, ಬಿದ್ದ ಹಲ್ಲುಗಳ ಕಥೆಯನ್ನು ಗೋಡೆಯ ಹಾಗೆ ಕೂತು ಕೇಳಿದೆ. ಕೊನೆಗೆ ಬಂದ ಪುಟ್ಟ ಹುಡುಗಿ ಎರಡು ಸಲ ನಿಲ್ಲಿಸಿ ನನ್ನ ಮುಖ ಹುಡುಕಿದಳು. ಏನೂ ಸಿಗದೆ, ಉಗುಳು ನುಂಗಿ ತಾನೇ ಮುಂದುವರಿಸಿದಳು, ಕೊನೆಯವರೆಗೂ. ಅವಳು ಹೊರಗೆ ಹೋದ ಮೇಲೆ ಬಾಗಿಲ ಆಚೆಯಿಂದ ಮಾತು ಕೇಳಿಸಿತು.

"ಮಿಸ್‌ಗೆ ನನ್ ಮೇಲೆ ಎಂತದೋ ಸಿಟ್ಟು ಕಣೆ."

"ನನ್ ಮೇಲೂ ಇತ್ತು. ಉಳಿದವರನ್ನೂ ಕೇಳ್ದೆ ನಾನು. ಎಲ್ಲರ ಮೇಲೂ ಒಂದೇ ಸಮ ಇತ್ತಂತೆ."