ಹಿಂದಿನ ಎಡಚಕ್ರ

ಯಾರಾದರೂ ಹೀಗಾಯಿತು, ಹಾಗೆ ಕೇಳಿಸಿತು ಎಂದು ಹೇಳಿದರೆ ನಾನು ನಗುತ್ತಿದ್ದೆ. ಯಾವ ಶಬ್ದವಾದರೂ ಅದರ ಹಿಂದೆ ಎಲ್ಲೋ ಒಂದು ಸಡಿಲ ಬೋಲ್ಟ್ ಇದ್ದೇ ಇರುತ್ತದೆ ಎಂದು ನಂಬಿದವನು ನಾನು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ಗ್ಯಾರೇಜು ಸೇರಿದ್ದರಿಂದ ಬರೆದು ಅಭ್ಯಾಸವಿಲ್ಲ. ಆದರೂ ಬರೆಯುತ್ತಿದ್ದೇನೆ. ಇದರಲ್ಲಿ ನನ್ನದೊಂದು ತಪ್ಪೂ ಇದೆ. ಅದನ್ನು ಮುಚ್ಚಿಟ್ಟು ವಿಚಿತ್ರವನ್ನು ಮಾತ್ರ ಹೇಳಿದರೆ ಅದು ಇನ್ನೊಂದು ಸುಳ್ಳಾಗುತ್ತದೆ.

ನಾವು ಕಾರ್ಕಳದ ಕಡೆಯವರು. ಅಣ್ಣ ದೋಹಾದ ಪಕ್ಕದ ಅಲ್ ರಯ್ಯಾನ್‌ನ ಒಂದು ಅರಬಿ ಮನೆಯಲ್ಲಿ ಡ್ರೈವರ್ ಆಗಿದ್ದ, ನಾನು ದೋಹಾದಲ್ಲಿ ಮೆಕ್ಯಾನಿಕ್. ಹದಿನೆಂಟು ವರ್ಷ ಬೇರೆಯವರ ಗಾಡಿ ಓಡಿಸಿದ ಅಣ್ಣನಿಗೆ ಒಮ್ಮೆಯಾದರೂ ಸ್ವಂತದ್ದರಲ್ಲಿ ಕೂರಬೇಕೆಂಬ ಆಸೆ. ಯಜಮಾನರ ಆಡಿನ ದೊಡ್ಡಿಯ ಪಕ್ಕ ಹಳೆಯ ಫೋರ್‌ವೀಲ್ ಗಾಡಿಯೊಂದು ಅರ್ಧ ಚಕ್ರದವರೆಗೆ ಮರಳಿನಲ್ಲಿ ಹೂತು ನಿಂತಿತ್ತು. ಒಳಗೆ ಪಾರಿವಾಳಗಳು ಗೂಡು ಕಟ್ಟಿದ್ದವು. ಅಣ್ಣ ಕೇಳಿದ್ದಕ್ಕೆ ಅವರು ಕೈ ಬೀಸಿ "ಖಲಾಸ್, ಯಲ್ಲಾ, ತಗೊಂಡು ಹೋಗು" ಎಂದರಂತೆ.

ಅದನ್ನು ನಮ್ಮ ಗ್ಯಾರೇಜಿನ ಹಿಂದಿನ ಅಂಗಳಕ್ಕೆ ಎಳೆದು ತಂದು, ಶುಕ್ರವಾರ ಶುಕ್ರವಾರ ಇಬ್ಬರೂ ಕೆಲಸ ಮಾಡಿದೆವು. ಕೈಯಲ್ಲಿ ಕಾಸು ಕಡಿಮೆ. ರೇಡಿಯೇಟರ್ ಗುಜರಿಯಿಂದ ಬಂತು. ಸೀಟಿನ ಬಟ್ಟೆಯನ್ನು ಅಣ್ಣನೇ ಹೊಲಿದ. ತುಕ್ಕು ತಿಂದ ತೂತುಗಳಿಗೆ ನಾನು ಎಣ್ಣೆ ಡಬ್ಬದ ತಗಡು ಕತ್ತರಿಸಿ ವೆಲ್ಡ್ ಮಾಡಿದೆ.

ಬ್ರೇಕಿನ ಪೈಪಿನಲ್ಲಿ ಸೇರಿಕೊಂಡ ಗಾಳಿ ತೆಗೆಯುವುದು ಇಬ್ಬರ ಕೆಲಸ. ಒಬ್ಬ ಸೀಟಿನಲ್ಲಿ ಕೂತು ಪೆಡಲು ತುಳಿದು ಹಿಡಿಯಬೇಕು, ಇನ್ನೊಬ್ಬ ಅಡಿಯಲ್ಲಿ ಮಲಗಿ ಚಕ್ರದ ಹಿಂದೆ ಗಾಳಿ ಬಿಡಲೆಂದೇ ಇರುವ ನಿಪ್ಪಲ್ ಬಿಚ್ಚಿ ಮುಚ್ಚಬೇಕು. ಮನೆಮಾತು ತುಳುವಾದ್ದರಿಂದ ನಾನು ಕೆಳಗಿನಿಂದ "ಪತ್ತ್" ಎನ್ನುತ್ತಿದ್ದೆ. ಹಿಡಿ ಎಂದರ್ಥ. ಆದರೆ ತುಳುವಿನಲ್ಲಿ ಹತ್ತಕ್ಕೂ ಪತ್ತ್ ಎಂದೇ ಹೇಳುವುದು. ಅಣ್ಣ ಬೇಕೆಂದೇ ಹತ್ತು ಸಲ ತುಳಿದು ಆಮೇಲೆ ಹಿಡಿಯುತ್ತಿದ್ದ.

"ಅಣ್ಣ, ತಮಾಷೆ ಸಾಕು. ನನ್ನ ಬೆನ್ನು ಸುಡ್ತಾ ಉಂಟು."

"ಪತ್ತ್ ಅಂದದ್ದು ನೀನೇ ಅಲ್ವಾ ಮಾರಾಯ? ಲೆಕ್ಕ ತಪ್ಪಿದರೆ ಹೇಳು."

ನಾಲ್ಕು ಚಕ್ರಕ್ಕೂ, ಬ್ರೇಕಿನ ಎಣ್ಣೆ ಸೋರದಂತೆ ತಡೆಯುವ ಹೊಸ ರಬ್ಬರು ಹಾಕಬೇಕಿತ್ತು. ಹಿಂದಿನ ಎಡಚಕ್ರಕ್ಕೆ ತಂದದ್ದು ಅಳತೆ ತಪ್ಪಿತ್ತು. ಅಂಗಡಿ ಹತ್ತಿರವೇ ಇತ್ತು, ಬಾಗಿಲೂ ತೆರೆದಿತ್ತು. ಆದರೆ ನನಗೆ ಹಸಿವಾಗಿತ್ತು, ಬಿಸಿಲಿಗೆ ಮತ್ತೆ ಹೋಗಲು ಮನಸ್ಸಾಗಲಿಲ್ಲ. ಹಳೆಯದನ್ನೇ ತೊಳೆದು ಹಾಕಿದೆ. "ನಾಲ್ಕೂ ಹೊಸತಲ್ವಾ?" ಎಂದು ಅಣ್ಣ ಕೇಳಿದಾಗ ಹೌದೆಂದೆ.

ಗಾಡಿ ಓಡತೊಡಗಿದ ಮೂರನೇ ವಾರ ಅಣ್ಣ ಮರಳಿನ ದಿಬ್ಬದಿಂದ ಇಳಿಸುವಾಗ ಬ್ರೇಕ್ ಹಿಡಿಯಲಿಲ್ಲ. ಗಾಡಿ ಅಡ್ಡ ತಿರುಗಿ ಮಗುಚಿತು. ಅಣ್ಣನ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು. ನೋಡಲು ಬಂದವರಿಗೆಲ್ಲ ಅವನು, "ನನ್ನದೇ ತಪ್ಪು. ಗೇರಿನಲ್ಲಿ ಇಳಿಸಬೇಕಿತ್ತು, ಬ್ರೇಕ್ ನಂಬಿದೆ" ಎನ್ನುತ್ತಿದ್ದ. ಪಕ್ಕದಲ್ಲಿ ನಿಂತ ನಾನು ತಲೆಯಾಡಿಸುತ್ತಿದ್ದೆ. ಅವನು ಊರಿಗೆ ಹೋದ. ಇನ್ನು ಡ್ರೈವರ್ ಕೆಲಸವಿಲ್ಲ.

ಗಾಡಿ ಒಂದು ವರ್ಷ ಅಂಗಳದಲ್ಲೇ ಬಿದ್ದಿತ್ತು. ಆಮೇಲೆ ಅಣ್ಣನೇ ಮಾರಿಬಿಡು ಎಂದ. ಐನ್ ಖಾಲಿದ್‌ನಲ್ಲಿರುವ ಮೈಸೂರಿನ ಎಂಜಿನಿಯರ್ ಒಬ್ಬರು ಹೆಂಡತಿ ಮತ್ತು ಇಬ್ಬರು ಹೆಣ್ಣುಮಕ್ಕಳ ಜತೆ ನೋಡಲು ಬಂದರು. ಸಣ್ಣವಳು ಸ್ಟಿಯರಿಂಗ್ ಹಿಡಿದುಕೊಂಡು, "ಅಂಕಲ್, ಇದು ಡೆಸರ್ಟಲ್ಲಿ ಫಾಸ್ಟ್ ಹೋಗತ್ತಾ?" ಎಂದು ಕೇಳಿದಳು. ಶುಕ್ರವಾರ ಸಂಜೆ ಒಯ್ಯುವುದೆಂದು ಮಾತಾಯಿತು.

ನನಗೆ ಬುದ್ಧಿ ಬಂದಿರಬೇಕು ಎಂದು ನೀವು ಅಂದುಕೊಳ್ಳುತ್ತೀರಿ. ಬಂದಿರಲಿಲ್ಲ. ಬಾಗಿದ ತಗಡು ನೇರ ಮಾಡಿದೆ, ಮೂರು ಚಕ್ರ ಬಿಚ್ಚಿ ನೋಡಿದೆ, ಹಿಂದಿನ ಎಡಚಕ್ರವನ್ನು ಮಾತ್ರ ಬಿಚ್ಚಲಿಲ್ಲ. ಅದರೊಳಗೆ ಏನಿದೆಯೆಂದು ನನಗೆ ಗೊತ್ತಿತ್ತು, ಅದನ್ನು ಕಣ್ಣಿನಿಂದ ನೋಡುವ ಧೈರ್ಯವಿರಲಿಲ್ಲ. ಹೊರಗೆ ಸೋರಿದ್ದ ಬ್ರೇಕ್ ಎಣ್ಣೆಯೆಲ್ಲ ಎಂದೋ ಒಣಗಿತ್ತು. ಗಾಳಿ ತೆಗೆದು ಕೊಟ್ಟುಬಿಟ್ಟರೆ ಮುಗಿಯಿತು ಎಂದುಕೊಂಡೆ.

ಶುಕ್ರವಾರ ಮಧ್ಯಾಹ್ನ. ನಮಾಜಿನ ಹೊತ್ತಾದ್ದರಿಂದ ಸುತ್ತಲಿನ ಶಟರುಗಳೆಲ್ಲ ಎಳೆದಿದ್ದವು. ಅಂಗಳದಲ್ಲಿ ನಾನೊಬ್ಬನೇ. ಒಬ್ಬನೇ ಇದ್ದಾಗ ಪೆಡಲು ಒತ್ತಿ, ಅದಕ್ಕೂ ಸೀಟಿಗೂ ನಡುವೆ ಕೋಲು ಕೊಟ್ಟು ಕೆಳಗೆ ಬರಬೇಕು. ಕೋಲು ತಂದಿಟ್ಟಿದ್ದೆ. ಮೊದಲು ಅಡಿಗೆ ನುಸುಳಿ ನಿಪ್ಪಲಿಗೆ ಪೈಪು ಸಿಕ್ಕಿಸಿ, ಸ್ಪ್ಯಾನರ್ ಇಟ್ಟೆ. ಹಳೆಯ ಅಭ್ಯಾಸದಿಂದ ಬಾಯಿ ತಾನಾಗಿ "ಪತ್ತ್" ಎಂದಿತು.

ಪೆಡಲು ಕಿರ್ರೆಂದಿತು. ಮತ್ತೊಮ್ಮೆ. ಆತುರವಿಲ್ಲದೆ, ಒಂದರ ಹಿಂದೆ ಒಂದು. ನಾಲ್ಕೈದು ಆದ ಮೇಲೆ ನಾನು ಎಣಿಸುತ್ತಿದ್ದೇನೆ ಎಂಬುದು ನನಗೇ ಗೊತ್ತಾಯಿತು. ಕೊನೆಯದರಲ್ಲಿ ಪೆಡಲು ಮೇಲೆ ಬರಲಿಲ್ಲ, ಅದುಮಿ ಹಿಡಿದಂತೆ ನಿಂತಿತು. ನಿಪ್ಪಲ್ ಇನ್ನೂ ಬಿಗಿಯಾಗಿಯೇ ಇತ್ತು, ನಾನು ಬಿಚ್ಚಿರಲಿಲ್ಲ. ಆದರೂ ಚಕ್ರದ ಬ್ರೇಕ್ ಡ್ರಮ್ಮಿನ ಅಂಚಿನಿಂದ ಎಣ್ಣೆ ಒಸರಿ, ಟಯರಿನ ಒಳಮೈಯಲ್ಲಿ ಇಳಿದು, ನನ್ನ ಮೊಣಕೈಗೆ ತೊಟ್ಟಿಕ್ಕಿತು.

ಎದ್ದು ಬಾಗಿಲ ಹತ್ತಿರ ಹೋದೆ. ಸೀಟು ಖಾಲಿ. ಕೋಲು ನಾನಿಟ್ಟಲ್ಲೇ, ಹೊರಗೆ ನೆಲದಲ್ಲಿತ್ತು. ಪೆಡಲು ಮಾತ್ರ ತಳದವರೆಗೆ ಇಳಿದು ನಿಂತಿತ್ತು. ಎಷ್ಟು ಹೊತ್ತು ನೋಡಿದೆನೋ ತಿಳಿಯದು. "ಬುಡ್ಲ ಅಣ್ಣ" ಎಂದೆ. ಬಿಡು ಅಣ್ಣ ಎಂದು. ಪೆಡಲು ಮೆಲ್ಲಗೆ ಮೇಲೆ ಬಂತು.

ಸ್ಪ್ರಿಂಗ್ ಹಳತಾಗಿತ್ತು, ಬಿಸಿಲಿಗೆ ಎಣ್ಣೆ ಹಿಗ್ಗಿರಬಹುದು, ಪಿಸ್ಟನ್ ಸಿಕ್ಕಿಕೊಂಡಿರಬಹುದು. ಇದೆಲ್ಲ ನನಗೂ ಹೊಳೆದಿದೆ. ಆದರೆ ಹತ್ತು ಸಲ ಹೇಗೆ?

ಎಂಜಿನಿಯರಿಗೆ ಇವತ್ತು ಬರಬೇಡಿ ಎಂದು ಹೇಳಿ, ಊರಿಗೆ ಫೋನು ಮಾಡಿದೆ. ಅಣ್ಣನಿಗೂ ಏನಾದರೂ ಅನಿಸಿರಬೇಕು ಎಂಬ ಆಸೆಯಿತ್ತು.

"ಅಣ್ಣ, ಎಂಥ ಮಾಡ್ತಾ ಇದ್ದಿ? ಕಾಲು ನೋವು ಉಂಟಾ?"

"ಉಂಡು ಟಿವಿ ನೋಡ್ತಾ ಇದ್ದೇನೆ. ಇಲ್ಲದ ಕಾಲು ಎಂಥ ನೋಯುವುದು?" ಎಂದು ನಕ್ಕ. ಅಲ್ಲಿ ಏನೂ ಆಗಿರಲಿಲ್ಲ.

ಆಗ ಹೇಳಿದೆ. ಹಿಂದಿನ ಎಡಚಕ್ರಕ್ಕೆ ಹೊಸ ರಬ್ಬರು ಹಾಕಿರಲಿಲ್ಲ, ಹಾಕಿದ್ದೇನೆಂದು ಸುಳ್ಳು ಹೇಳಿದೆ, ನಿನ್ನ ತಪ್ಪು ಏನೂ ಇರಲಿಲ್ಲ ಎಂದು. ಅವನು ಟಿವಿಯ ಶಬ್ದ ಕಡಿಮೆ ಮಾಡಿದ.

"ತಗೊಳ್ಳುವವರಿಗೆ ಮಕ್ಕಳು ಉಂಟಾ?" ಎಂದು ಕೇಳಿದ.

"ಇಬ್ಬರು."

"ಹಾಗಾದರೆ ನಾಲ್ಕೂ ಬಿಚ್ಚು" ಎಂದು ಫೋನಿಟ್ಟ.

ನಾಲ್ಕೂ ಬಿಚ್ಚಿದೆ, ಹೊಸತು ಹಾಕಿದೆ, ನಾನೇ ಒಂದು ವಾರ ಓಡಿಸಿ ನೋಡಿ ಕೊಟ್ಟೆ. ಇದಾಗಿ ಎರಡು ವರ್ಷ. ಅಣ್ಣ ನನ್ನ ಜತೆ ಮಾತಾಡಿಲ್ಲ. ಫೋನು ಮಾಡಿದರೆ ಅತ್ತಿಗೆ ಎತ್ತುತ್ತಾರೆ, ಅವರು ಮಲಗಿದ್ದಾರೆ ಎನ್ನುತ್ತಾರೆ, ಹಿಂದೆ ಟಿವಿ ಕೇಳುತ್ತಿರುತ್ತದೆ. ಅದು ಏಕೆಂದು ನನಗೆ ಅರ್ಥವಾಗುತ್ತದೆ. ಅಂದು ಮಧ್ಯಾಹ್ನ ಪೆಡಲು ಒತ್ತಿ ಹಿಡಿದದ್ದು ಯಾರು ಎಂಬುದು ಅರ್ಥವಾಗಿಲ್ಲ. ಅದನ್ನು ಕೇಳಬೇಕೆಂದರೆ ನನಗಿರುವುದು ಅಣ್ಣನೊಬ್ಬನೇ.