ಪಟೇಲನ ಕಲ್ಲು ಸರಿಸಿದ ಉಗ್ಗಪ್ಪ

“ಉಗ್ಗಪ್ಪಣ್ಣ, ನಿಮ್ಮ ಪಟೇಲ ಇವತ್ತು ಯಾರನ್ನು ಕಚ್ಚಿದ?”

ಕೇಳುತ್ತಿರುವವರು ಮೀನು ಮಾರುವ ವಸುಮತಿ. ಶಿರಿಯದ ಕಡಲಕರೆಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಶಾಲೆಯ ಜಗಲಿಯ ಮೂಲೆಯಲ್ಲಿ ಒಂದು ತೊಟ್ಟಿ. ಮೂರು ಬದಿಗೆ ಸಿಮೆಂಟು, ಎದುರಿಗೆ ಗಾಜು. ಅದರೊಳಗೆ ಮೊಣಕೈವರೆಗೆ ಕೈ ಇಳಿಸಿರುವ ಉಗ್ಗಪ್ಪ ತಿರುಗಿಯೂ ನೋಡುವುದಿಲ್ಲ.

“ಬಾಯಿ ಉಂಟಲ್ಲ, ಕಚ್ಚುತ್ತಾನೆ. ನೀನು ಊರಿಡೀ ಕಚ್ಚಿಕೊಂಡು ಬರುದಿಲ್ವಾ?”

ವಸುಮತಿ ನಗುತ್ತ ಬುಟ್ಟಿ ಇಳಿಸಿ, ಬಾಳೆಲೆಯ ತುಂಡಿನಲ್ಲಿ ಒಂದು ಹಿಡಿ ಸಿಗಡಿಯನ್ನು ಜಗಲಿಯ ಮೇಲಿಡುತ್ತಾರೆ.

ಪಟೇಲ ಎಂದರೆ ಊರಿನ ಪಟೇಲರಲ್ಲ. ಅಂಗೈಯಗಲದ, ಹಳದಿ ಮೈಗೆ ಕಪ್ಪು ಪಟ್ಟೆ ಎಳೆದ ಒಂದು ಮೀನು. ತೊಟ್ಟಿಗೆ ಎಲ್ಲರಿಗಿಂತ ಮೊದಲು ಬಂದದ್ದು ಅದೇ. ನಡುವಿನ ಟೊಳ್ಳು ಕಲ್ಲನ್ನು ಹಿಡಿದು ಕೂತಿದೆ. ಹೊಸಬರು ಯಾರು ಬಂದರೂ ಅವರ ರೆಕ್ಕೆ ಹರಿಯದೆ ಬಿಡುವುದಿಲ್ಲ. ಊರಿನ ಪಟೇಲರೂ ಒಮ್ಮೆ ಬಂದು ನೋಡಿ, ಹೆಸರು ಕೇಳಿ ತಿಳಿದುಕೊಂಡು, “ಗತ್ತು ಉಂಟು” ಎಂದು ಮೆಚ್ಚಿ ಹೋಗಿದ್ದಾರಂತೆ.

ಉಗ್ಗಪ್ಪ ರಂಪಣಿಯಲ್ಲಿ ಬೆಳೆದವರು. ಊರಿಗೆ ಊರೇ ಸೇರಿ ದಡಕ್ಕೆ ಎಳೆಯುವ ಆ ದೊಡ್ಡ ಬಲೆಯ ಹಗ್ಗ, ಮಹಾಯುದ್ಧ ಮುಗಿದ ವರ್ಷ ಅವರ ಬಲಭುಜದ ಕೀಲನ್ನು ಕಿತ್ತುಹಾಕಿತು. ಭುಜ ಕೂಡಿಕೊಂಡರೂ ಹಗ್ಗಕ್ಕೆ ಬಗ್ಗಲಿಲ್ಲ. ಜೊತೆಯವರು ಮೀನು ಎಳೆಯುವ ಹೊತ್ತಿಗೆ ಮನೆಯಲ್ಲಿ ಕೂತಿರಲಾಗದೆ ಶಾಲೆಗೆ ನೀರು ತುಂಬಲು ಬಂದರು. ಆಮೇಲೆ ಈ ತೊಟ್ಟಿ ಬಂತು.

ತೊಟ್ಟಿ ಕಟ್ಟಿಸಿದವರು ಹೆಡ್ಮಾಸ್ಟ್ರು ಶಿವಸುಬ್ರಹ್ಮಣ್ಯ ಭಟ್ಟರು. ಅಗಲ್ಪಾಡಿಯವರು, ಸಿಗಡಿಯ ವಾಸನೆಗೆ ಇಂದಿಗೂ ಶಾಲಿನ ತುದಿಯನ್ನು ಮೂಗಿಗೆ ಒತ್ತಿಕೊಳ್ಳುವವರು. “ನಮ್ಮ ಗುಡ್ಡದ ಬದಿಯ ಮಕ್ಕಳಿಗೆ ಸಮುದ್ರ ಅಂದ್ರೆ ಪುಸ್ತಕದ ನೀಲಿ ಬಣ್ಣ. ಇಲ್ಲಿಯ ಮಕ್ಕಳಿಗೆ ಮೀನು ಅಂದ್ರೆ ಬುಟ್ಟಿಯಲ್ಲಿ ಸತ್ತು ಬಿದ್ದದ್ದು. ಎರಡೂ ಸಾಲದು ಅಂತ ಕಂಡಿತು,” ಎನ್ನುತ್ತಾರೆ. ಈಗ ಗುಡ್ಡದ ಬದಿಯ ಕುಂಬ್ಡಾಜೆಯಿಂದಲೂ ಜನ ನಡೆದು ಬಂದು ಗಾಜಿಗೆ ಮೂಗು ತಾಗಿಸಿ ನಿಲ್ಲುತ್ತಾರೆ.

ಬೆಳಗಿನ ಭರತಕ್ಕೆ, ಕಡಲು ಏರುವ ಹೊತ್ತಿಗೆ, ಉಗ್ಗಪ್ಪ ಹೊಳೆ ಕಡಲು ಸೇರುವ ಅಳಿವೆಯಿಂದ ಆಚೆ, ಬಂಡೆಗಳವರೆಗೆ ಹೋಗುತ್ತಾರೆ. ಹತ್ತಿರದ ನೀರಿಗೆ ಹೊಳೆ ಬೆರೆತಿರುತ್ತದೆ. ನಾಲಿಗೆಗೆ ಹಚ್ಚಿ ನೋಡಿ, ಉಪ್ಪು ಒಪ್ಪಿಗೆಯಾದರೆ ಮಾತ್ರ ಎಡ ಹೆಗಲಿನ ಕಾವಡಿಯಲ್ಲಿ ಎರಡು ಮಡಕೆ ತುಂಬಿಕೊಂಡು ಬರುತ್ತಾರೆ. ತೊಟ್ಟಿಯ ಮೇಲೆ ತೂತಿನ ಮಡಕೆಯೊಂದು ತೂಗುತ್ತದೆ. ಶಿವನ ತಲೆಯ ಮೇಲಿನ ಧಾರಾಪಾತ್ರೆಯ ಹಾಗೆ ಅದರಿಂದ ಹಗಲಿಡೀ ನೀರು ತೊಟ್ಟಿಕ್ಕುತ್ತದೆ. “ಅದು ಮಾಸ್ಟ್ರ ಬುದ್ಧಿ. ನೀರು ಮೇಲಿಂದ ಬಿದ್ರೆ ಮೀನಿಗೆ ಉಸಿರು ಸಿಗ್ತದೆ,” ಎನ್ನುತ್ತಾರೆ ಉಗ್ಗಪ್ಪ. “ನೀರು ಹೊರುದು ಎಂತ ದೊಡ್ಡದಲ್ಲ ಮಾರಾಯ್ರೆ. ಜಗಳ ಬಿಡಿಸುದು ಉಂಟಲ್ಲ, ಅದು ಕೆಲಸ.”

ಆ ಕೆಲಸದಲ್ಲಿ ಮೊದಲು ಅವರು ಎಡವಿದ್ದೂ ಉಂಟು. ಮನೆಗೆ ಬಂದವರಿಗೆ ಒಳ್ಳೆಯ ಮಣೆ ಹಾಕಿ ಮೊದಲು ಬಡಿಸುವುದು ನಮ್ಮ ಕ್ರಮ. ಹೊಸ ಮೀನನ್ನು ಬಿಟ್ಟಾಗಲೂ ಉಗ್ಗಪ್ಪ ಅದನ್ನೇ ಮಾಡಿದರು: ಒಳ್ಳೆಯ ಕಲ್ಲಿನ ಬದಿಯಲ್ಲೇ ಇಳಿಸಿದರು, ಸಿಗಡಿಯನ್ನು ಮೊದಲು ಅದರ ಬಾಯಿಯ ಹತ್ತಿರ ಹಾಕಿದರು. ತನ್ನ ಕಲ್ಲಿನ ಬಾಗಿಲಲ್ಲಿ ಬೇರೆಯವನಿಗೆ ಊಟ ಬಡಿಸಿದ್ದನ್ನು ಪಟೇಲ ಸಹಿಸಲಿಲ್ಲ. ಶಾಲೆಯ ಗಂಟೆ ಹೊಡೆಯುವ ಹೊತ್ತಿಗೆ ಹೊಸಬ ಬಾಲ ಚಿಂದಿಯಾಗಿ ಸತ್ತು ತೇಲುತ್ತಿದ್ದ. ಮುಂದಿನದ್ದಕ್ಕೂ ಅದೇ ಗತಿ. ಮಕ್ಕಳು ಗಾಜಿನ ಎದುರು ಅತ್ತರು.

“ಮಕ್ಕಳಿಗೆ ತೋರಿಸ್ಲಿಕ್ಕೆ ತಂದದ್ದು ಕಡಲನ್ನು, ಕೊಲೆಯನ್ನಲ್ಲ,” ಎಂದ ಭಟ್ಟರು ಬೇಸರದಿಂದಲೇ ತೀರ್ಮಾನ ಹೇಳಿದ್ದಾರೆ: ಇನ್ನೊಂದು ಹೀಗೆ ಸತ್ತರೆ ಎಲ್ಲ ಮೀನುಗಳೂ ಸಮುದ್ರಕ್ಕೆ, ತೊಟ್ಟಿ ಕುಡಿಯುವ ನೀರಿಗೆ.

ಪಟೇಲನೊಬ್ಬನನ್ನೇ ಕಡಲಿಗೆ ಬಿಟ್ಟರೆ ಆಗುವುದಿಲ್ಲವೇ ಎಂದು, ತೊಟ್ಟಿ ನೋಡಲು ಬಂದ ನಾನು ಕೇಳಿದೆ. ಉಗ್ಗಪ್ಪನಿಗೆ ಆ ಮಾತು ಹಿಡಿಸುವುದಿಲ್ಲ. “ಅವನ ತಪ್ಪು ಎಂತದು? ಕಲ್ಲು ತನ್ನದು ಅಂತ ಅವನಿಗೆ ಗೊತ್ತು, ಅಷ್ಟೆ. ಅವನನ್ನು ಕಳಿಸಿದ್ರೆ ಇನ್ನೊಬ್ಬ ಆ ಕಲ್ಲಲ್ಲಿ ಕೂತು ಪಟೇಲ ಆಗ್ತಾನೆ. ಎಷ್ಟು ಜನರನ್ನು ಕಳಿಸುದು?”

ದಾರಿ ಹೊಳೆದದ್ದು ಕಳೆದ ಮಳೆಗಾಲದಲ್ಲಿ. ಇಲ್ಲಿ ಪ್ರತಿ ದೋಣಿಗೂ ಕರೆಯಲ್ಲಿ ಒಂದು ಜಾಗ ಉಂಟು. ಒಂದು ಮಾರು ಅತ್ತಿತ್ತ ಆದರೆ ಅಣ್ಣತಮ್ಮಂದಿರೂ ಮಾತು ಬಿಡುತ್ತಾರೆ. ಆ ಮಳೆಗೆ ಕಡಲು ಕರೆಯನ್ನೇ ಕೊರೆದು ಒಯ್ದಿತು. ಮಳೆ ನಿಂತು ಹೊಸ ಮರಳು ಬಿದ್ದಾಗ ಎಲ್ಲರೂ ಸುಮ್ಮನೆ ಸಿಕ್ಕಲ್ಲಿ ದೋಣಿ ಎಳೆದಿಟ್ಟರು. “ಯಾರೂ ಜಗಳ ಮಾಡ್ಲಿಲ್ಲ. ಯಾರ ಜಾಗವೂ ಇರ್ಲಿಲ್ಲವಲ್ಲ! ಆಗ ನನಗೆ ತೊಟ್ಟಿಯ ನೆನಪು ಬಂತು.”

ಈಗ ತೊಟ್ಟಿಯಲ್ಲಿ ಮಾಡಿ ನೋಡುತ್ತಿರುವುದು ಅದನ್ನೇ. ಬಂಡೆಯ ಗುಂಡಿಯಲ್ಲಿ ಸಿಕ್ಕಿದ, ಬಳೆಯಷ್ಟಗಲದ ಹಳದಿ ಮೀನೊಂದು ಕೆಲವು ದಿನಗಳಿಂದ ತೊಟ್ಟಿಯೊಳಗೇ ಬಿದಿರಿನ ಕೂಳಿಯಲ್ಲಿದೆ. ಮೀನು ಹಿಡಿಯಲು ಬಲೆಗೆ ಬದಲು ಹೊಳೆಯಲ್ಲಿ ಇಡುವ ಈ ಬುಟ್ಟಿ ಇಲ್ಲಿ ಕಾವಲಿಗೆ ನಿಂತಿದೆ: ಪಟೇಲ ನೋಡಬಹುದು, ಕಚ್ಚುವ ಹಾಗಿಲ್ಲ. ಮುಖ ನೋಡಿ ನೋಡಿ ಅರ್ಧ ಸಿಟ್ಟು ಇಳಿಯುತ್ತದೆ ಎಂಬುದು ಉಗ್ಗಪ್ಪನ ಲೆಕ್ಕ. ಉಳಿದರ್ಧಕ್ಕೆ ಇವತ್ತಿನ ಕೆಲಸ.

ಮೊದಲು ಪಟೇಲನನ್ನು ಹಿಡಿದು ಮಡಕೆಗೆ ಹಾಕುತ್ತಾರೆ, ಬಳಿಕ ಉಳಿದವರನ್ನು. ನಂತರ ಒಂದೊಂದೇ ಕಲ್ಲು ಎತ್ತಿ ಜಾಗ ಬದಲಿಸುತ್ತಾರೆ. ಟೊಳ್ಳು ಕಲ್ಲು ಮಗುಚಿ ಮೂಲೆಗೆ ಹೋಗುತ್ತದೆ. ಮೂಲೆಯದ್ದು ನಡುವಿಗೆ ಬರುತ್ತದೆ. ಭಟ್ಟರು ಬಂದು, ಶಾಲನ್ನು ಮೂಗಿಗೆ ಒತ್ತಿಕೊಂಡೇ ಮಡಕೆ ಹಿಡಿದು ಕೊಡುತ್ತಾರೆ. ನೀರು ತಿಳಿಯಾಗುವವರೆಗೆ ಕಾಯುತ್ತಾರೆ. ಹೊಸಬನನ್ನು ಮೊದಲು ಬಿಡುತ್ತಾರೆ, ಕಡೆಗೆ ಪಟೇಲನನ್ನು. ಸಿಗಡಿ ಮಾತ್ರ ಮೊದಲು ಪಟೇಲನ ಬದಿಗೆ, ಆಮೇಲೆ ಆಚೆ ತುದಿಗೆ.

ಪಟೇಲ ಸಿಗಡಿಯನ್ನು ಮುಟ್ಟುವುದಿಲ್ಲ. ನಡುವಿಗೆ ಬಂದು ತನ್ನ ಕಲ್ಲನ್ನು ಹುಡುಕುತ್ತಾನೆ. ಅದಿಲ್ಲ. ಸುತ್ತು ಹೊಡೆಯುತ್ತಾನೆ.

“ಪಾಪ, ಜಾಗದ ಪಟ್ಟೆ ಕಳೆದುಕೊಂಡ ಹಾಗೆ ಆಯ್ತು ಅವನಿಗೆ,” ಎನ್ನುತ್ತಾರೆ ವಸುಮತಿ.

“ನಿಮಗೆ ಎಂತ ಆಸೆ ಉಂಟು ಉಗ್ಗಪ್ಪ?” ಎಂದೆ.

“ಎಂತ ಆಸೆ? ಒಂದು ದಿನ ಈ ಗಾಜಿನ ಹಿಂದೆ ಹರಿದ ರೆಕ್ಕೆ ಒಂದೂ ಇರ್ಬಾರದು. ರಂಪಣಿಗೆ ನನ್ನ ಕೈ ಈಗ ಬೇಡ. ಇವರಿಗೆ ಬೇಕು. ಅಷ್ಟು ಸಾಕು.” ಕಣ್ಣು ಮಾತ್ರ ನೀರಿನಿಂದ ಕದಲುವುದಿಲ್ಲ.

ವಸುಮತಿ ಬುಟ್ಟಿ ಎತ್ತಿಕೊಳ್ಳುತ್ತಾರೆ. “ನಾಳೆಗೆ ಸಿಗಡಿ ಎಷ್ಟು ತರುದು?”

“ನಿಲ್ಲು, ಹೇಳ್ತೇನೆ.”

ಪಟೇಲ ಹಳದಿ ಮೀನಿನ ಎದುರು ಬಂದು ರೆಕ್ಕೆ ನಿಗುರಿಸಿ ನಿಲ್ಲುತ್ತಾನೆ. ಭಟ್ಟರ ಶಾಲು ಮೂಗಿನಿಂದ ಜಾರುತ್ತದೆ. ಪಟೇಲ ಅಲ್ಲೇ ಸ್ವಲ್ಪ ಹೊತ್ತು ನಿಂತು, ತಿರುಗಿ, ಮೂಲೆಯ ಕಡೆ ಹೋಗಿ ತನ್ನ ಪಾಲಿನ ಸಿಗಡಿಗೆ ಬಾಯಿ ಹಾಕುತ್ತಾನೆ. ಆಚೆ ತುದಿಯಲ್ಲಿ ಹೊಸಬನೂ ಒಂದು ಚೂರು ಕಚ್ಚಿ ಎಳೆಯುತ್ತಾನೆ.

“ಇನ್ನೊಂದು ಬಾಯಿಗೆ ಆಗುವಷ್ಟು ಹೆಚ್ಚು ತಾ,” ಎನ್ನುತ್ತಾರೆ ಉಗ್ಗಪ್ಪ.

ಹಾಗೆಂದು ಖಾಲಿ ಕೂಳಿಯನ್ನು ನೀರಿನಿಂದ ಎತ್ತಿ, ಕೊಡವಿ, ಜಗಲಿಯ ಮೊಳೆಗೆ ಒಣಗಲು ತೂಗಹಾಕುತ್ತಾರೆ.